ಹಬೆ ಯಂತ್ರ ಕೊಂಡರೆ ಸಾಲದು, ಹಿಡಿಯಲು ಕಲಿಯಬೇಕು

ಬಾಡಿಗೆ ಮನೆ ಖಾಲಿಯಾದಾಗ, ಗೃಹಪ್ರವೇಶಕ್ಕೆ ಮೊದಲು, ಹಬ್ಬ ಹತ್ತಿರ ಬಂದಾಗ ‘ಡೀಪ್ ಕ್ಲೀನಿಂಗ್’ನವರನ್ನು ಕರೆಸುವುದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈಗ ಮಾಮೂಲಿ. ಈ ಕೆಲಸ ಮಾಡುವ ಹುಡುಗರು, ಹೆಂಗಸರು ಆಸಿಡ್ ಮತ್ತು ಬ್ಲೀಚಿನ ಘಾಟಿನಲ್ಲಿ ಕಣ್ಣುರಿ, ಕೆಮ್ಮು ಸಹಿಸಿಕೊಂಡೇ ದುಡಿಯುತ್ತಾರೆ. ಆ ರಾಸಾಯನಿಕಗಳ ಬಳಕೆಯನ್ನು ಬಹಳಷ್ಟು ತಗ್ಗಿಸುವ ಸಾಧನವೊಂದಿದೆ: ಒಣ ಹಬೆಯ ಯಂತ್ರ, ಅಂದರೆ ಡ್ರೈ ವೇಪರ್ ಸ್ಟೀಮರ್. ಆದರೆ ಅದರ ಗುಣ ತಿಳಿಯದೆ ಕೊಂಡವರು ಕೆಲವೇ ತಿಂಗಳಲ್ಲಿ ಅದನ್ನು ಗೋದಾಮಿನ ಮೂಲೆಗೆ ತಳ್ಳುವುದೂ ಉಂಟು.

ಒಳಗೆ ನಡೆಯುವುದೇನು?

ಯಂತ್ರದ ಒಳಗಿರುವುದು ಒಂದು ಬಾಯ್ಲರ್. ಅಡುಗೆಮನೆಯ ಕುಕ್ಕರಿನಲ್ಲಿ ಸುಮಾರು 1 ಬಾರ್ ಒತ್ತಡ ಏರಿ, ಶಾಖ 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ವೃತ್ತಿಪರ ಹಬೆ ಯಂತ್ರದಲ್ಲಿ ಒತ್ತಡ ಸಾಮಾನ್ಯವಾಗಿ 4ರಿಂದ 8 ಬಾರ್. ಆಗ ಬಾಯ್ಲರಿನ ಶಾಖ ಸರಿಸುಮಾರು 150ರಿಂದ 175 ಡಿಗ್ರಿ. ಹೀಗೆ ಬರುವ ಹಬೆಯಲ್ಲಿ ನೀರಿನ ಹನಿ ತೀರ ಕಡಿಮೆ. ಆದ್ದರಿಂದಲೇ ಅದನ್ನು ‘ಒಣ’ ಹಬೆ ಎನ್ನುವುದು.

ಬರೀ ಬಿಸಿನೀರಿಗಿಂತ ಹಬೆ ಏಕೆ ಹೆಚ್ಚು ಪರಿಣಾಮಕಾರಿ? 25 ಡಿಗ್ರಿಯ ಒಂದು ಕಿಲೋ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 315 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಹಬೆ ಮಾಡಲು ಮತ್ತೆ 2,257 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ತಣ್ಣಗಿನ ಟೈಲ್ಸ್ ಮುಟ್ಟಿ ಹಬೆ ಮತ್ತೆ ನೀರಾಗುವಾಗ, ಒಳಗೆ ಹೊತ್ತು ತಂದ ಆ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಜಿಡ್ಡು ಕರಗುವುದು, ಸೋಪಿನ ಪೊರೆ ಬಿಡುವುದು ಈ ಶಾಖದಿಂದ. ಒತ್ತಡದ ಕೆಲಸ ಹಬೆಯನ್ನು ಸಂದಿಗೆ ನುಗ್ಗಿಸುವುದು ಮಾತ್ರ.

ಹೊರಗೆ ಬಂದ ಹಬೆ ಗಾಳಿ ಬೆರೆತು ಬೇಗ ತಣಿಯುತ್ತದೆ. ನಳಿಗೆಯನ್ನು ಒಂದು ಅಡಿ ದೂರ ಹಿಡಿದರೆ ಕಣ್ಣಿಗೆ ಬಿಳಿ ಮೋಡ ಕಾಣುತ್ತದೆ, ಕೊಳೆ ಕದಲುವುದಿಲ್ಲ. ನಳಿಗೆ ಅಂಗುಲದಷ್ಟು ಹತ್ತಿರವಿರಬೇಕು, ಕೈ ನಿಧಾನವಾಗಿರಬೇಕು.

ಕೊಳ್ಳುವಾಗ

ಮೊದಲು ನೋಡಬೇಕಾದ್ದು ವ್ಯಾಟೇಜ್. 2,000 ವ್ಯಾಟಿನ ಯಂತ್ರ ಗಂಟೆಗೆ ಹೆಚ್ಚೆಂದರೆ ಎರಡೂಮುಕ್ಕಾಲು ಲೀಟರ್ ನೀರನ್ನು ಹಬೆ ಮಾಡಬಲ್ಲದು. ಅದಕ್ಕಿಂತ ಹೆಚ್ಚು ಮಾಡಲು ಅಷ್ಟು ವಿದ್ಯುತ್ತಿನಲ್ಲಿ ಶಕ್ತಿಯೇ ಇಲ್ಲ. ಜಾಹೀರಾತಿನ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಎಡೆಬಿಡದೆ ಓಡಿದರೆ ಅದು ಗಂಟೆಗೆ 2 ಯೂನಿಟ್ ವಿದ್ಯುತ್ ಬಳಸುತ್ತದೆ.

ಎರಡನೆಯದು ಪ್ಲಗ್ಗು. ಮನೆಯ ಚಿಕ್ಕ 6 ಆಂಪಿಯರ್ ಸಾಕೆಟ್ಟು ತಡೆಯುವುದು 1,380 ವ್ಯಾಟ್ ಮಾತ್ರ. 3,000 ವ್ಯಾಟಿನ ಯಂತ್ರ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಗೀಸರ್ ಅಥವಾ ಎ.ಸಿ.ಯ 16 ಆಂಪಿಯರ್ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ವೈರು 2.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಟ್ಟ ವೈರು ಕಾದು ಕರಗುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಯಂತ್ರ ಹಚ್ಚಲೇಬೇಡಿ.

ಮೂರನೆಯದು ನೀರು ತುಂಬುವ ವ್ಯವಸ್ಥೆ. ಒಂದೇ ಟ್ಯಾಂಕಿನ ಯಂತ್ರದಲ್ಲಿ ನೀರು ಮುಗಿದರೆ ಒತ್ತಡ ಇಳಿದು ತಣ್ಣಗಾಗುವವರೆಗೆ ಮುಚ್ಚಳ ತೆಗೆಯುವಂತಿಲ್ಲ. ದಿನಕ್ಕೆ ಎರಡು ಮನೆ ಒಪ್ಪಿಕೊಳ್ಳುವವರಿಗೆ ಈ ಕಾಯುವಿಕೆ ನಷ್ಟ. ಪಂಪಿನ ಮೂಲಕ ತಾನಾಗಿ ನೀರು ತುಂಬಿಕೊಳ್ಳುವ ಎರಡು ಟ್ಯಾಂಕಿನ ಯಂತ್ರ ದುಬಾರಿಯಾದರೂ ಅವರಿಗೆ ಅದೇ ಸರಿ.

ಕೆಲಸದ ಕ್ರಮ

ಹಬೆ ಕೊಳೆಯನ್ನು ಸಡಿಲಿಸುತ್ತದೆ, ಎತ್ತುವುದು ಬಟ್ಟೆ. ಈ ವಿದ್ಯೆಯ ತಿರುಳೇ ಇದು. ಸಡಿಲವಾದ ಜಿಡ್ಡನ್ನು ತಕ್ಷಣ ಒರೆಸದಿದ್ದರೆ ಅದು ತಣಿದು ಅಲ್ಲೇ ಕೂರುತ್ತದೆ.

ಆದ್ದರಿಂದ ಮೊದಲು ಧೂಳು, ಕೂದಲು, ಜೇಡರ ಬಲೆಯನ್ನು ವ್ಯಾಕ್ಯೂಮಿನಿಂದ ತೆಗೆಯಿರಿ. ಒಣಧೂಳಿನ ಮೇಲೆ ಹಬೆ ಬಿಟ್ಟರೆ ಕೆಸರಾಗುತ್ತದೆ. ಮೊದಲ ಒಂದೆರಡು ಸೆಕೆಂಡಿನ ಹಬೆಯನ್ನು ಬಕೆಟ್ಟಿನೊಳಕ್ಕೆ ಬಿಡಿ, ಹೋಸಿನಲ್ಲಿ ನಿಂತ ನೀರು ಹೊರಬೀಳಲಿ. ಆಮೇಲೆ ಮೇಲಿನಿಂದ ಕೆಳಕ್ಕೆ ಚಿಕ್ಕ ಭಾಗಗಳನ್ನು ಆರಿಸಿಕೊಂಡು, ಒಂದು ಕೈಯಲ್ಲಿ ನಳಿಗೆ, ಇನ್ನೊಂದು ಕೈಯಲ್ಲಿ ಮೈಕ್ರೋಫೈಬರ್ ಬಟ್ಟೆ ಹಿಡಿದು ಸಾಗಿ. ಬಟ್ಟೆಯನ್ನು ಎರಡು ಸಲ ಮಡಚಿದರೆ ಒಟ್ಟು ಎಂಟು ಮುಖ ಸಿಗುತ್ತವೆ; ಒಂದು ಮುಖ ಕೊಳೆಯಾದರೆ ಮುಂದಿನದಕ್ಕೆ ಹೋಗಿ. ಕಕ್ಕಸಿನ ಬಟ್ಟೆ ಕೆಂಪು, ಅಡುಗೆಮನೆಯದು ಹಸಿರು ಎಂದು ಬಣ್ಣ ಗೊತ್ತುಮಾಡಿ, ಎಂದಿಗೂ ಅದಲುಬದಲು ಮಾಡಬೇಡಿ.

ಒಗ್ಗರಣೆಯ ಜಿಡ್ಡು ಕೂತ ಒಲೆಯ ಹಿಂದಿನ ಗೋಡೆ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆ, ಕಿಟಕಿಯ ಹಳಿ, ಟೈಲ್ಸಿನ ಸಂದು, ಇವು ಹಬೆಗೆ ಒಲಿಯುವ ಜಾಗಗಳು. ಫ್ಯಾನು, ಫ್ರಿಜ್ಜುಗಳ ಪ್ಲಗ್ ತೆಗೆದ ಮೇಲಷ್ಟೇ ಕೈಹಾಕಿ, ಮೋಟರಿನತ್ತ ಹಬೆ ಹೋಗದಿರಲಿ. ವರ್ಷಗಟ್ಟಲೆ ತೊಳೆಯದ ಚಿಮ್ನಿಯ ಫಿಲ್ಟರನ್ನು ಮೊದಲು ಬಿಸಿನೀರು, ಸೋಪಿನಲ್ಲಿ ನೆನೆಹಾಕಿ, ಮೂಲೆಗಳಿಗಷ್ಟೇ ಹಬೆ ಕೊಡಿ.

ಹಬೆಗೆ ಬಗ್ಗದ ಕೊಳೆಯೂ ಇದೆ. ಬೋರ್‌ವೆಲ್ ನೀರಿನಿಂದ ನಲ್ಲಿ, ಬಚ್ಚಲ ಗಾಜಿನ ಮೇಲೆ ಕಟ್ಟುವ ಬಿಳಿ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಅದು ಶಾಖಕ್ಕೆ ಕರಗುವುದಿಲ್ಲ, ಆಮ್ಲಕ್ಕಷ್ಟೇ ಕರಗುತ್ತದೆ. ಸೌಮ್ಯವಾದ ಸಿಟ್ರಿಕ್ ಆಮ್ಲ ಹಚ್ಚಿ, ತೊಳೆದು ತೆಗೆಯಿರಿ. ಆಸಿಡ್ ಅಥವಾ ಬ್ಲೀಚ್ ಇರುವ ಜಾಗಕ್ಕೆ ಹಬೆ ಬಿಡಬೇಡಿ. ವಿಷದ ಘಾಟು ಏಳುತ್ತದೆ.

ಹಬೆ ಸಲ್ಲದ ಜಾಗಗಳು

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಮೇಣದ ಪಾಲಿಶ್ ಇದ್ದರೆ ಹಬೆ ಅದನ್ನು ಕಿತ್ತುಹಾಕುತ್ತದೆ. ಲ್ಯಾಮಿನೇಟ್ ಮರದ ನೆಲದ ಸಂದಿಗೆ ತೇವ ಹೊಕ್ಕರೆ ಹಲಗೆ ಉಬ್ಬುತ್ತದೆ. ಸೀಲ್ ಮಾಡದ ಮಾರ್ಬಲ್, ಡಿಸ್ಟೆಂಪರ್ ಗೋಡೆ, ವಾಲ್‌ಪೇಪರ್, ರೇಷ್ಮೆ, ವೆಲ್ವೆಟ್, ಚರ್ಮದ ಸೋಫಾ, ಸ್ವಿಚ್‌ಬೋರ್ಡ್, ಟಿ.ವಿ. ಇವೆಲ್ಲ ನಿಷಿದ್ಧ. ತಣ್ಣಗಿನ ಗಾಜಿಗೆ ಏಕಾಏಕಿ ಹಬೆ ಹೊಡೆದರೆ ಬಿರುಕು ಬಿಡಬಹುದು. ಅನುಮಾನ ಬಂದ ಕಡೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಒಣಗಿದ ಮೇಲೆ ಮನೆಯವರಿಗೆ ತೋರಿಸಿ, ಒಪ್ಪಿಗೆ ಪಡೆದು ಮುಂದುವರಿಯಿರಿ.

ತಿಗಣೆ ಮತ್ತು ರೋಗಾಣು

ತಿಗಣೆಯೂ ಅದರ ಮೊಟ್ಟೆಯೂ 50 ಡಿಗ್ರಿ ದಾಟಿದ ಶಾಖಕ್ಕೆ ಉಳಿಯವು. ಆದರೆ ಹಾಸಿಗೆಯ ಹೊಲಿಗೆಯ ಒಳಗೆ ಅಷ್ಟು ಶಾಖ ಇಳಿಯಬೇಕಾದರೆ, ನಳಿಗೆ ದಾಟಿದೊಡನೆ ಅಳೆದಾಗ ಮೇಲ್ಮೈ 70 ಡಿಗ್ರಿಗಿಂತ ಹೆಚ್ಚು ಬಿಸಿ ಇರಬೇಕು. ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಊಹೆ ಬೇಕಿಲ್ಲ. ಅಗಲ ಬಾಯಿಯ ನಳಿಗೆ, ಕಡಿಮೆ ಒತ್ತಡ ಬಳಸಿ. ಜೋರಾದ ಹಬೆ ತಿಗಣೆಗಳನ್ನು ಹಾರಿಸಿ ಬೇರೆಡೆ ಹರಡುತ್ತದೆ. ಒಂದು ಅಡಿ ಸಾಗಲು ಹತ್ತು ಸೆಕೆಂಡಾದರೂ ತೆಗೆದುಕೊಳ್ಳಿ. ಗೋಡೆಯ ಬಿರುಕಿನ ಆಳಕ್ಕೆ ಹಬೆ ಮುಟ್ಟದು, ಆದ್ದರಿಂದ ಮರುಭೇಟಿಯನ್ನು ಮೊದಲೇ ಮಾತಾಡಿಕೊಳ್ಳಿ.

ರೋಗಾಣುವಿಗೂ ಶಾಖದಷ್ಟೇ ಸಮಯ ಮುಖ್ಯ. ಹಾಲಿನ ಪಾಶ್ಚರೀಕರಣದಲ್ಲಿ 63 ಡಿಗ್ರಿಯಾದರೆ 30 ನಿಮಿಷ, 72 ಡಿಗ್ರಿಯಾದರೆ 15 ಸೆಕೆಂಡು ಬೇಕು. ನೆಲದ ಮೇಲೆ ಸರ್ರನೆ ಹಬೆ ಓಡಿಸಿ “ಎಲ್ಲ ರೋಗಾಣು ಸತ್ತವು” ಎನ್ನುವುದು ಗಿರಾಕಿಗೆ ಹೇಳುವ ಸುಳ್ಳು.

ಬಾಯ್ಲರಿಗೆ ಎಂಥ ನೀರು?

ಯಂತ್ರವನ್ನು ಕೊಲ್ಲುವುದು ಗಡಸು ನೀರು. ನಲ್ಲಿಯ ಮೇಲೆ ಕಟ್ಟುವ ಅದೇ ಬಿಳಿ ಪದರ ಬಾಯ್ಲರಿನ ಒಳಗೂ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಅನೇಕ ಬೋರ್‌ವೆಲ್‌ಗಳ ನೀರು ಅದನ್ನು ಮೀರುತ್ತದೆ. ಗಿರಾಕಿಯ ನಲ್ಲಿ ನಂಬದೆ ಮೆದುನೀರನ್ನು ಕ್ಯಾನಿನಲ್ಲಿ ಒಯ್ಯಿರಿ. ಕೆಲವು ಯಂತ್ರಗಳ ಸೆನ್ಸರಿಗೆ ಪೂರ್ತಿ ಶುದ್ಧವಾದ ಡಿಸ್ಟಿಲ್ಡ್ ನೀರು ಇರುವುದೇ ತಿಳಿಯದು. ಕೈಪಿಡಿ ಓದಿ ನಿರ್ಧರಿಸಿ. ಕೆಲಸ ಮುಗಿದು ತಣ್ಣಗಾದ ಮೇಲೆ ಬಾಯ್ಲರ್ ಬರಿದು ಮಾಡಿ. ಅದರೊಳಕ್ಕೆ ಫಿನಾಯಿಲ್, ಸುಗಂಧ ಏನನ್ನೂ ಸುರಿಯಬೇಡಿ.

ಕೆಲಸಗಾರರ ಮೈ ಮೊದಲು

ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ತೀವ್ರ; ಚರ್ಮದ ಮೇಲೆ ನೀರಾಗುವಾಗ ಅದು ತನ್ನೊಳಗಿನ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ. ಶಾಖ ತಡೆಯುವ ಕೈಗವಸು, ಮುಚ್ಚಿದ ಶೂ, ಕನ್ನಡಕ ಕಡ್ಡಾಯವಾಗಲಿ. ಮಕ್ಕಳು, ನಾಯಿ, ಬೆಕ್ಕು ಇರುವ ಕೋಣೆಯಲ್ಲಿ ಯಂತ್ರ ಹಚ್ಚಬೇಡಿ. ಬಿಡುವಿನಲ್ಲಿ ಟ್ರಿಗರ್ ಲಾಕ್ ಮಾಡಿ. ಗ್ಯಾಸ್ಕೆಟ್, ಹೋಸನ್ನು ಪ್ರತಿ ಬೆಳಗ್ಗೆ ನೋಡಿ, ಸೇಫ್ಟಿ ವಾಲ್ವಿಗೆ ಅಡ್ಡಬರಬೇಡಿ. ಸುಟ್ಟರೆ ಕೂಡಲೇ 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ.

ದರ ಹೇಳುವಾಗ

ಹಬೆಯ ಕೆಲಸದಲ್ಲಿ ಉಳಿಯುವುದು ನೀರು ಮತ್ತು ರಾಸಾಯನಿಕ, ತಗಲುವುದು ಸಮಯ. ಚದರಡಿಗೆ ಇಷ್ಟು ಎಂದು ಫೋನಿನಲ್ಲೇ ಒಪ್ಪಿಕೊಂಡರೆ ಕೈ ಅವಸರಪಡುತ್ತದೆ, ಅವಸರಪಟ್ಟ ಹಬೆ ಕೆಲಸ ಮಾಡುವುದಿಲ್ಲ. ಮನೆ ನೋಡಿ, ಅಡುಗೆಮನೆ ಎಷ್ಟು ಗಂಟೆ ಹಿಡಿಯುತ್ತದೆಂದು ಅಳೆದು, ಯಂತ್ರದ ಸವಕಳಿಯನ್ನೂ ಸೇರಿಸಿ ದರ ಹೇಳಿ. ಮುಂಚೆ ಇದ್ದ ಬಿರುಕು, ಕಲೆಗಳ ಫೋಟೊ ತೆಗೆದಿಡಿ.

ಈ ಉದ್ಯಮಕ್ಕೆ ಇಳಿಯುವವರಲ್ಲಿ ಒಂದು ವಿನಂತಿ. ಯಂತ್ರಕ್ಕೆ ಹಣ ಹೊಂದಿಸುವಾಗಲೇ ಅದನ್ನು ಹಿಡಿಯುವವರ ತರಬೇತಿಗೂ ಸಂಬಳ ಸಹಿತ ಕೆಲವು ದಿನ ಎತ್ತಿಡಿ. ಎಲ್ಲಿ ನಿಧಾನಿಸಬೇಕು, ಎಲ್ಲಿ ಹಬೆ ಬಿಡಲೇಬಾರದು ಎಂದು ಬಲ್ಲ ಕೆಲಸಗಾರರಿದ್ದರೆ ಸಾಧಾರಣ ಯಂತ್ರವೂ ಒಳ್ಳೆಯ ಹೆಸರು ತರುತ್ತದೆ.