ಓಣಿಯ ವೇಗ

ಊರಿನ ಓಣಿಯು ದಾರಿಯೂ ಹೌದು, ಮನೆಯ ಅಂಗಳವೂ ಹೌದು. ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಓಣಿಗಳಲ್ಲಿ ಮನೆಯ ಮುಂದಿನ ಕಟ್ಟೆಗೆ ಹೊಂದಿಕೊಂಡೇ ಬೀದಿಯಿರುತ್ತದೆ. ಮಕ್ಕಳು ಅಲ್ಲಿಯೇ ಆಡುತ್ತಾರೆ. ಬೇಸಿಗೆಯ ಸಂಜೆ ಹಿರಿಯರು ಕಟ್ಟೆಯ ಮೇಲೆ ಗಾಳಿಗೆ ಕುಳಿತಿರುತ್ತಾರೆ. ಚಕ್ಕಡಿಗಳ ಕಾಲದಲ್ಲಿ ದಾರಿಗೂ ಅಂಗಳಕ್ಕೂ ಜಗಳವಿರಲಿಲ್ಲ. ಎತ್ತಿನ ನಡಿಗೆಗೂ ಮನುಷ್ಯನ ನಡಿಗೆಗೂ ಹೆಚ್ಚಿನ ಅಂತರವಿರಲಿಲ್ಲವಷ್ಟೆ. ಮೋಟಾರು ವಾಹನಗಳು ಅದೇ ಓಣಿಯನ್ನು ಹೊಕ್ಕ ಮೇಲೆ ಈ ಹೊಂದಾಣಿಕೆ ಮುರಿಯಿತು.

ವೇಗವು ತುಸು ಹೆಚ್ಚಿದರೆ ಅಪಾಯವೂ ತುಸುವೇ ಹೆಚ್ಚುತ್ತದೆಂದು ಅನೇಕರು ಭಾವಿಸುತ್ತಾರೆ. ಲೆಕ್ಕವು ಬೇರೆಯೇ ಮಾತನ್ನು ಹೇಳುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. 50 ಕಿಲೋಮೀಟರ್ ವೇಗದ್ದು ಸುಮಾರು 14 ಮೀಟರ್. ಎದುರಿಗೆ ಮಗುವೊಂದು ಓಡಿಬಂದುದನ್ನು ಕಂಡು ಚಾಲಕನು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಮೊದಲನೆಯ ವಾಹನವು ಮುಂದಿನ 5 ಮೀಟರಿನೊಳಗೆ, ಎಂದರೆ ಒಟ್ಟು 13 ಮೀಟರಿನಲ್ಲಿ, ನಿಲ್ಲಬಲ್ಲುದು. ಎರಡನೆಯದು 14 ಮೀಟರ್ ಸಾಗಿದಾಗ ಅದರ ಬ್ರೇಕು ಹಿಡಿಯಲು ಆಗತಾನೆ ಆರಂಭವಾಗಿರುತ್ತದೆ. ಮಗುವು 14 ಮೀಟರ್ ದೂರದಲ್ಲಿದ್ದರೆ ಒಂದು ವಾಹನ ಅದರ ಮುಂದೆ ನಿಲ್ಲುತ್ತದೆ. ಇನ್ನೊಂದು ಬಹುಮಟ್ಟಿಗೆ ಪೂರ್ಣ ವೇಗದಿಂದಲೇ ಬಡಿಯುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಆ ಹೊಡೆತದ ಶಕ್ತಿಯು 30 ಕಿಲೋಮೀಟರ್ ವೇಗದ ಶಕ್ತಿಯ ಸುಮಾರು ಎರಡೂ ಮುಕ್ಕಾಲು ಪಟ್ಟು.

ಹಾಗಾದರೆ ಚಾಲಕನು ವೇಗವಾಗಿ ಹೋಗುವುದೇಕೆ? ಅವನ ಅವಸರವನ್ನಷ್ಟೇ ದೂರುವುದು ಸುಲಭ. ಆದರೆ ರಸ್ತೆಯ ಆಕಾರವೂ ಅವನನ್ನು ಪ್ರೇರೇಪಿಸುತ್ತದೆ. ಬೆಟ್ಟಗಳ ನಡುವೆ ಬೆಳೆದ ಸುರಪುರದ ಏರು, ಇಳಿಜಾರು, ತಿರುವುಗಳಲ್ಲಿ ನಿಧಾನವಾಗಿ ಹೋಗಿರೆಂಬ ಫಲಕವಿಲ್ಲದಿದ್ದರೂ ವಾಹನವು ತಾನಾಗಿಯೇ ನಿಧಾನವಾಗುತ್ತದೆ. ಈ ಭಾಗದ ಹಳೆಯ ಊರುಗಳ ಅಗಸಿಯೂ ಹಾಗೆಯೇ. ಇಕ್ಕಟ್ಟಾದ ಆ ಬಾಗಿಲನ್ನು ದಾಟುವಾಗ ಯಾರಾದರೂ ಲಗಾಮನ್ನು ಬಿಗಿಹಿಡಿಯಲೇಬೇಕಿತ್ತು. ಹೊಸ ಬಡಾವಣೆಯ ನೇರವಾದ, ಅಗಲವಾದ ಕಾಂಕ್ರೀಟು ರಸ್ತೆಯಾದರೋ ವೇಗಕ್ಕೆ ಆಮಂತ್ರಣವಿತ್ತಂತೆ. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರುಗಳ ಮೂಲಕ ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಇಂತಹ ಊರುಗಳನ್ನು ಹೊರಗಿನ ಲೋಕಕ್ಕೆ ಜೋಡಿಸಿದೆ. ಹೆದ್ದಾರಿಯಿಂದ ಓಣಿಗೆ ತಿರುಗಿದ ಚಾಲಕನ ಕಾಲಿಗೆ ಹೆದ್ದಾರಿಯ ವೇಗವೇ ಅಂಟಿಕೊಂಡಿರುತ್ತದೆ.

ಜನರಿಗೆ ಮೊದಲು ಹೊಳೆಯುವ ಉಪಾಯ ರಸ್ತೆಯ ಉಬ್ಬು. ಅದಕ್ಕೂ ಒಂದು ಅಳತೆಯುಂಟು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಉಬ್ಬು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಎತ್ತರವಾಗಿ ಕಮಾನಿನಂತೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ಅದು ತೊಂದರೆ ಕೊಡದು. ಮೀರಿ ಬಂದವನನ್ನು ಕುಲುಕಿ ಎಚ್ಚರಿಸುತ್ತದೆ. ಆದರೆ ಅಪಘಾತವೊಂದು ನಡೆದ ಮರುದಿನವೇ ಓಣಿಯವರು ಸಿಟ್ಟಿನಿಂದ ಮಣ್ಣು, ಕಲ್ಲು, ಸಿಮೆಂಟುಗಳಿಂದ ಕಟ್ಟುವ ದಿಬ್ಬಕ್ಕೆ ಅಳತೆಯೆಲ್ಲಿ? ಬಣ್ಣವಿಲ್ಲದ ಆ ಗಿಡ್ಡ ಗೋಡೆ ಇರುಳಿನಲ್ಲಿ ಕಾಣದೆ ಸೈಕಲ್ಲಿನವನನ್ನೂ ಕೆಡಹುತ್ತದೆ; ಹೆರಿಗೆಗೆ ಹೊರಟ ಹೆಂಗಸಿನ ವಾಹನವನ್ನೂ ಎತ್ತಿಹಾಕುತ್ತದೆ. ಅವರ ಸಿಟ್ಟು ನ್ಯಾಯವಾದುದೇ. ಆದರೆ ಕಟ್ಟಿದ ದಿಬ್ಬ ಮಾತ್ರ ಹೊಸ ಅಪಾಯ.

ನೆದರ್ಲೆಂಡ್ಸ್ ದೇಶದವರು ಬೇರೊಂದು ದಾರಿ ಹಿಡಿದರು. ಡೆಲ್ಫ್ಟ್ ನಗರದಲ್ಲಿ ಮೊದಲಾದ ‘ವೋನೆರ್ಫ್’ ಎಂಬ ಏರ್ಪಾಡಿಗೆ ಅಲ್ಲಿಯ ಸರಕಾರವು 1976ರಲ್ಲಿ ಕಾನೂನಿನ ಮನ್ನಣೆ ನೀಡಿತು. ಆ ಪದವನ್ನು ‘ವಾಸದ ಅಂಗಳ’ ಎನ್ನಬಹುದು. ಅಲ್ಲಿ ಗಿಡಗಳನ್ನು, ಆಸನಗಳನ್ನು ಇಕ್ಕೆಲಗಳಲ್ಲಿ ಬದಲಿಸಿ ಬದಲಿಸಿ ಇರಿಸಿ ದಾರಿಯನ್ನು ಬಳುಕುವಂತೆ ಮಾಡುತ್ತಾರೆ. ವಾಹನಗಳು ನಡಿಗೆಯ ವೇಗದಲ್ಲಿಯೇ ಸಾಗಬೇಕು. ಸುರಪುರದ ತಿರುವು ಬೆಟ್ಟದಿಂದ ಒದಗಿದುದು. ಅದನ್ನು ಡಚ್ಚರು ಸಮತಟ್ಟಾದ ನೆಲದಲ್ಲಿ ಬೇಕೆಂದೇ ರಚಿಸಿಕೊಂಡರು. ಬಡಾವಣೆಯ ರಸ್ತೆಯ ಬಾಯಿಯನ್ನು ಅಗಸಿಯಂತೆ ಕಿರಿದುಗೊಳಿಸಿ, ಬದಿಗೆ ಬೇವಿನ ಸಸಿಗಳನ್ನು ನೆಟ್ಟರೆ ಇಲ್ಲಿಯೂ ಅದು ಅಸಾಧ್ಯವಲ್ಲ.

ವಾಸದ ಪ್ರದೇಶಗಳಲ್ಲಿ ವೇಗದ ಮಿತಿಯನ್ನು ಇಳಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಜನರೂ ವಾಹನಗಳೂ ಬೆರೆಯುವಲ್ಲಿ 30 ಕಿಲೋಮೀಟರ್ ಮಿತಿಯಿರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ರಸ್ತೆಯನ್ನು ಎಷ್ಟು ಕಿರಿದುಗೊಳಿಸಬೇಕೆಂಬುದನ್ನು ಮಾತ್ರ ಆಯಾ ಊರೇ ಅಳೆದು ನೋಡಬೇಕು. ಹತ್ತಿ ಹೇರಿದ ಟ್ರ್ಯಾಕ್ಟರೂ, ಬೆಂಕಿ ಆರಿಸುವ ವಾಹನವೂ ಆ ಓಣಿಯಲ್ಲಿ ಹಾಯಲೇಬೇಕಾಗಿದೆ.