ಎರಡನೇ ಕ್ಲಾಸಿನ ಲೆಕ್ಕ ತಾಳೆ ನೋಡೋಣ

ಮೊಮ್ಮಗು ಯಾವ ಶಾಲೆ ಎಂದು ಕೇಳಿದರೆ ಈಗ ನಮ್ಮ ಕಡೆಯೂ ‘ಇಂಟರ್‌ನ್ಯಾಷನಲ್’ ಎಂಬ ಉತ್ತರ ಬರುತ್ತದೆ. ಹೇಳುವ ಅಜ್ಜನ ದನಿಯಲ್ಲಿ ಹೆಮ್ಮೆ ಇರುತ್ತದೆ. ‘ಎರಡನೇ ಕ್ಲಾಸಿಗೆ ಏನು ಪಾಠ?’ ಎಂದು ಮುಂದೆ ಕೇಳಿದರೆ ಮಾತ್ರ ‘ಅದೆಲ್ಲ ಇಂಗ್ಲಿಷು, ನಮಗೆಲ್ಲಿ ಗೊತ್ತಾಗುತ್ತದೆ’ ಎಂದು ಮಾತು ಮುಗಿಯುತ್ತದೆ. ಸರ್ಕಾರಿ ಶಾಲೆಗೆ ಹೋಗುವ ಮಗುವಿನ ಮನೆಯಲ್ಲಿ ಇನ್ನೊಂದು ಬಗೆಯ ನಿಟ್ಟುಸಿರು: ‘ಅಂಥ ಪಾಠ ನಮ್ಮ ಮಗುವಿಗೆ ಎಲ್ಲಿ ಸಿಗಬೇಕು!’

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎರಡು ಪುಸ್ತಕ ಅಕ್ಕಪಕ್ಕ ಇಟ್ಟು ತಾಳೆ ನೋಡುವ ಚಟ ನಿವೃತ್ತಿಯಾದರೂ ಹೋಗುವುದಿಲ್ಲ. ಈ ಎರಡು ಬಗೆಯ ಎರಡನೇ ಕ್ಲಾಸುಗಳನ್ನೂ ಹಾಗೆಯೇ ತಾಳೆ ನೋಡೋಣ ಬನ್ನಿ.

ತುಮಕೂರು ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ. ಶಾಲೆಗಳ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಸರ್ಕಾರಿ ಶಾಲೆಗಳ ಎರಡನೇ ತರಗತಿ ಎಂದರೆ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯವರು ಹಳ್ಳಿಯ ಶಾಲೆಗಳಲ್ಲಿ ನಡೆಸುತ್ತಿದ್ದ ಕ್ರಮವನ್ನು ನಮ್ಮ ಮೇಷ್ಟ್ರುಗಳು ನೋಡಿಬಂದು, ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಮೆಟ್ಟಿಲುಗಳ ಪಟ ಇರುತ್ತದೆ. ಪ್ರತಿ ಮಗುವೂ ತಾನು ಇರುವ ಮೆಟ್ಟಿಲನ್ನು ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ.

ಇನ್ನು ಇಂಟರ್‌ನ್ಯಾಷನಲ್ ಶಾಲೆ. ಬೋರ್ಡಿನ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ಪಾಠ ಹೊರದೇಶದ್ದೇ ಆಗಿರಬೇಕೆಂದಿಲ್ಲ. ನಮ್ಮ ಸಿಬಿಎಸ್‌ಇ ಪಾಠವನ್ನೇ ಮಾಡುವ ಶಾಲೆಗಳೂ ಆ ಹೆಸರು ಇಟ್ಟುಕೊಂಡಿವೆ. ನಿಜಕ್ಕೂ ಹೊರದೇಶದ ಕ್ರಮ ಅನುಸರಿಸುವ ಶಾಲೆಗಳಲ್ಲಿ ಹೆಸರಾದದ್ದು ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಚಿಕ್ಕದಾಗಿ ಐಬಿ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸಂಸ್ಥೆ ಇದು. ಚಿಕ್ಕ ಮಕ್ಕಳಿಗಾಗಿ 1997ರಲ್ಲಿ ಬೇರೆಯೇ ಒಂದು ಕ್ರಮ ಆರಂಭಿಸಿತು.

ಮೊದಲು ಅಕ್ಷರದ ಬಾಬತ್ತು. ನಲಿ-ಕಲಿ ಮಗುವಿಗೆ ‘ಅ ಆ ಇ ಈ’ ಹೇಳು ಎಂದರೆ ಅದು ತಡವರಿಸಬಹುದು. ಅಜ್ಜಿಯರಿಗೆ ಗಾಬರಿ. ಗಾಬರಿ ಬೇಡ! ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರದಿಂದ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ವರ್ಣಮಾಲೆ ಮುಗಿಯುವ ತನಕ ಕಾಯದೆ ಮಗು ಪದ ಓದುತ್ತದೆ. ಇಂಗ್ಲಿಷ್ ಶಾಲೆಗಳಲ್ಲಿ ‘ಫೋನಿಕ್ಸ್’ ಎನ್ನುತ್ತಾರಲ್ಲ, ಅದರ ಗುಟ್ಟೂ ಇದೇ. ‘ಜಾಲಿ ಫೋನಿಕ್ಸ್’ ಎಂಬ ಕ್ರಮದಲ್ಲಿ ಎ, ಬಿ, ಸಿ, ಡಿಯಿಂದ ಶುರು ಮಾಡದೆ ಎಸ್, ಎ, ಟಿ, ಐ, ಪಿ, ಎನ್ ಎಂಬ ಆರು ಅಕ್ಷರಗಳ ಸದ್ದನ್ನು ಮೊದಲು ಕಲಿಸುತ್ತಾರೆ. ಮಗು ಸಿಟ್, ಪಿನ್, ಟಿನ್ ಎಂದು ಓದತೊಡಗುತ್ತದೆ. ಎರಡೂ ಕಡೆ ದಾರಿ ಒಂದೇ, ಅಕ್ಷರ ಬೇರೆ.

ಎರಡನೆಯ ಬಾಬತ್ತು ಲೆಕ್ಕ. ಅಮೆರಿಕದ ಬಹಳಷ್ಟು ರಾಜ್ಯಗಳು ಒಪ್ಪಿಕೊಂಡ ಪಾಠಕ್ರಮದಲ್ಲಿ ಎರಡನೇ ಕ್ಲಾಸಿನ ಮಗು 1000ದವರೆಗೆ ಸಂಖ್ಯೆ ಓದಿ ಬರೆಯಬೇಕು. ನಮ್ಮ ದೇಶದಲ್ಲಿ 2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಯೋಜನೆಯ ಗುರಿ, ಎರಡನೇ ತರಗತಿಗೆ 999ರವರೆಗೆ. ವ್ಯತ್ಯಾಸ ಒಂದೇ ಒಂದು! ಕಳೆಯುವ ಲೆಕ್ಕವೂ ಅಷ್ಟೇ. 52ರಲ್ಲಿ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ. ಮಕ್ಕಳೇ, ಕ್ಯಾಷ್ ಕೌಂಟರಿನಲ್ಲಿ ನಾವು ಏನು ಮಾಡುತ್ತಿದ್ದೆವು ಗೊತ್ತಾ? ನಿಮ್ಮ ಹತ್ತಿರ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಇವೆ ಎಂದುಕೊಳ್ಳಿ. ಒಂದು ಹತ್ತರ ನೋಟನ್ನು ಚಿಲ್ಲರೆ ಮಾಡಿಸಿ. ಈಗ ನಾಲ್ಕು ನೋಟು, ಹನ್ನೆರಡು ನಾಣ್ಯ. ಏಳು ನಾಣ್ಯ ಕೊಟ್ಟರೆ ಐದು ಉಳಿಯಿತು, ಎರಡು ನೋಟು ಕೊಟ್ಟರೆ ಎರಡು ಉಳಿಯಿತು. ಉತ್ತರ 25. ಪುಸ್ತಕದಲ್ಲಿ ‘ದಶಕ’ ಎಂದು ಕರೆಯುವುದು ಈ ಹತ್ತರ ನೋಟನ್ನೇ. ಜಿನೀವಾದಲ್ಲೂ ಇದೇ ಉತ್ತರ, ವೈ.ಎನ್. ಹೊಸಕೋಟೆಯಲ್ಲೂ ಇದೇ ಉತ್ತರ.

ಇಷ್ಟು ಚಿಕ್ಕ ಕ್ಲಾಸಿಗೆ ಇಷ್ಟು ದೊಡ್ಡ ಮಾತೇಕೆ ಎಂದು ನೀವು ಕೇಳಬಹುದು. ನನ್ನ ಕೌಂಟರಿಗೆ ಬರುತ್ತಿದ್ದವರಲ್ಲಿ ಹೆಬ್ಬೆಟ್ಟು ಒತ್ತುವವರು ಎಷ್ಟೋ ಜನ. ಕಡಲೆಕಾಯಿ ಮಾರಿದ ದುಡ್ಡು, ಕುರಿ ಮಾರಿದ ದುಡ್ಡು, ಪಿಂಚಣಿ ದುಡ್ಡು ಅವರದೇ. ಆದರೆ ಚೀಟಿಯಲ್ಲಿ 450 ಎಂದು ಬರೆದಿದೆಯೋ 540 ಎಂದು ಬರೆದಿದೆಯೋ ಅವರಿಗೆ ತಿಳಿಯುತ್ತಿರಲಿಲ್ಲ. ‘ಏನಂತ ಬರ್ದಿದ್ದೀರಾ ಸ್ವಾಮಿ?’ ಎಂದು ಕೇಳಿ, ಹೇಳಿದ್ದನ್ನು ನಂಬಿ, ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು. ಓದಲು ಬಾರದವರು ಎದುರಿಗಿರುವವರನ್ನು ನಂಬಲೇಬೇಕು, ಬೇರೆ ದಾರಿಯಿಲ್ಲ. ಮೂರಂಕಿಯ ಸಂಖ್ಯೆ, ನಾಲ್ಕು ಸಾಲಿನ ಓದು, ಒಂದು ಕಳೆಯುವ ಲೆಕ್ಕ: ಅವರಿಗೆ ದಕ್ಕದೆ ಹೋದದ್ದು ಇಷ್ಟೇ, ಅಂದರೆ ಎರಡನೇ ಕ್ಲಾಸು. ಎರಡನೆಯದರ ತನಕ ಮಗು ಓದುವುದನ್ನು ಕಲಿಯುತ್ತದೆ. ಮೂರನೆಯದರಿಂದ ಓದಿ ಕಲಿಯಬೇಕಾಗುತ್ತದೆ. ಈ ಮೆಟ್ಟಿಲು ತಪ್ಪಿದ ಮಗು ಮುಂದೆ ವಿಜ್ಞಾನದಲ್ಲೂ ಸಮಾಜದಲ್ಲೂ ಹಿಂದೆ ಬೀಳುತ್ತದೆ, ಶಾಲೆ ಯಾವುದೇ ಇರಲಿ.

ಮೂರನೆಯ ಬಾಬತ್ತು ‘ಪರಿಸರ’. ಐಬಿ ಶಾಲೆಯಲ್ಲಿ ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಆರು ದೊಡ್ಡ ಪ್ರಶ್ನೆಗಳ ಸುತ್ತ ಕಲಿಯುತ್ತಾರೆ. ನಾವು ಯಾರು? ನಮ್ಮ ಜಾಗ, ನಮ್ಮ ಕಾಲ ಯಾವುದು? ಮನಸ್ಸಿನಲ್ಲಿದ್ದದ್ದನ್ನು ಹೇಗೆ ಹೇಳುತ್ತೇವೆ? ಲೋಕ ಹೇಗೆ ನಡೆಯುತ್ತದೆ? ಜನ ಕೂಡಿ ಕೆಲಸಗಳನ್ನು ಹೇಗೆ ಏರ್ಪಾಡು ಮಾಡಿಕೊಳ್ಳುತ್ತಾರೆ? ಈ ಭೂಮಿಯನ್ನು ಹೇಗೆ ಹಂಚಿಕೊಂಡು ಬಾಳುತ್ತೇವೆ? ಕೇಳಲು ಭಾರಿ ಎನಿಸುತ್ತದೆ. ಆದರೆ ಇವುಗಳ ಉತ್ತರ ನಮ್ಮ ನಾಲ್ಕು ತಾಲ್ಲೂಕಿನಲ್ಲೇ ಬಿದ್ದಿವೆ.

ಶಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವನ್ನು ಓಡಿಸುವುದಿಲ್ಲ. ಭೂಮಿಯನ್ನು ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ಪಾಠ ಬೇಕೆ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಹಿಂಡು ಇದೆ. ಅದಕ್ಕೆ ಜಯಮಂಗಲಿ ನದಿಯ ಹೆಸರು. ಆ ನದಿ ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಬಿಸಿಲಿನಿಂದ 2,050 ಮೆಗಾವ್ಯಾಟ್ ವಿದ್ಯುತ್ ತಯಾರಾಗುತ್ತದೆ. ಮಳೆಯಿಲ್ಲದೆ ಬೀಳುಬಿದ್ದ ಹೊಲಗಳನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಲೋಕ ಹೇಗೆ ನಡೆಯುತ್ತದೆ, ಜನ ಹೇಗೆ ಏರ್ಪಾಡು ಮಾಡಿಕೊಳ್ಳುತ್ತಾರೆ, ಎರಡಕ್ಕೂ ಉತ್ತರ ಅಲ್ಲಿದೆ. ಇನ್ನು ಕಾಲದ ಪ್ರಶ್ನೆ. 1687ರಿಂದ 1757ರವರೆಗೆ ಶಿರಾ ಮೊಗಲರ ಒಂದು ಪ್ರಾಂತ್ಯಕ್ಕೆ ರಾಜಧಾನಿಯಾಗಿತ್ತು. ಕೋಟೆ ಈಗಲೂ ನಿಂತಿದೆ, ನಡೆದು ನೋಡಬಹುದು.

ತಾಳೆಯಾಗದ ಬಾಬತ್ತುಗಳೂ ಇವೆ. ದೊಡ್ಡ ಶಾಲೆಯಲ್ಲಿ ಪುಸ್ತಕದ ಮನೆ, ಆಟದ ಸಾಮಾನು, ಕ್ಲಾಸಿಗೊಬ್ಬರು ಟೀಚರು ಇರುತ್ತಾರೆ. ನಲಿ-ಕಲಿಯ ಮೇಡಂ ಒಬ್ಬರೇ ಮೂರು ತರಗತಿಯನ್ನು ಸಂಭಾಳಿಸುತ್ತಾರೆ. ಈ ಕೊರತೆ ಸಣ್ಣದಲ್ಲ. ಆ ಕಡೆಯ ಖಾತೆಯಲ್ಲೂ ಒಂದು ಕೊರತೆ ಉಂಟು. ಇಂಗ್ಲಿಷ್ ಕಥೆಯನ್ನು ಸರಾಗವಾಗಿ ಓದುವ ಮಗು ಬಸ್ಸಿನ ಬೋರ್ಡಿನ ‘ಕೊರಟಗೆರೆ’ ಓದಲಾರದು. ಅಜ್ಜಿ ಹೇಳುವ ಕಥೆ ಅದಕ್ಕೆ ಅರ್ಧ ಅರ್ಥವಾಗುವುದಿಲ್ಲ. ರಾಜ್ಯದ ಶಾಲೆಗಳು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಆದರೆ ಮನೆಯಲ್ಲಿ ಮಾತಿಲ್ಲದ ಭಾಷೆ ಪರೀಕ್ಷೆಯ ಮಾರನೆಯ ದಿನವೇ ಮರೆತುಹೋಗುತ್ತದೆ. ಪಾವಗಡದ ಮಕ್ಕಳನ್ನು ನೋಡಿ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷು. ಏಳು ವರ್ಷದ ಮಗು ಮೂರು ಭಾಷೆಯನ್ನು ಮೂರು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತದೆ. ಅದೂ ಇಂಟರ್‌ನ್ಯಾಷನಲ್ಲೇ!

ಆದ್ದರಿಂದ ಹಿರಿಯರೇ, ಶಾಲೆ ಯಾವುದಾದರೂ ಆಗಲಿ, ನಿಮ್ಮ ಪಾಲಿನ ಕೆಲಸ ಒಂದಿದೆ. ದಿನಕ್ಕೆ ಕಾಲು ಗಂಟೆ ಮಗುವಿನ ಕೈಯಲ್ಲಿ ಓದಿಸಿ. ಓದಲು ಬಾರದ ಅಜ್ಜಿಯಾದರೂ ಸರಿ, ‘ಆಮೇಲೇನಾಯಿತು?’ ಎಂದು ಕೇಳುತ್ತಾ ಕೂತರೆ ಸಾಕು. ಅಂಗಡಿಗೆ ಹೋದಾಗ ಚಿಲ್ಲರೆ ಎಣಿಸುವುದು ಮೊಮ್ಮಗುವಿನ ಕೆಲಸವಾಗಲಿ.

ಮಕ್ಕಳೇ, ಈ ವಾರ ನಿಮಗೂ ಒಂದು ಕೆಲಸ. ನಿಮ್ಮ ಊರಿನ ಒಂದು ಮರ, ಕೆರೆ ಅಥವಾ ಬೆಟ್ಟವನ್ನು ಆರಿಸಿಕೊಳ್ಳಿ. ಅದರ ಬಗ್ಗೆ ಅಜ್ಜ ಅಜ್ಜಿಯರಿಗೆ ಮೂರು ಪ್ರಶ್ನೆ ಕೇಳಿ. ಮೊದಲು ಹೇಗಿತ್ತು? ಯಾರು ನೋಡಿಕೊಳ್ಳುತ್ತಿದ್ದರು? ಈಗ ಏನು ಬದಲಾಗಿದೆ? ಉತ್ತರಗಳನ್ನು ನಿಮ್ಮದೇ ಅಕ್ಷರದಲ್ಲಿ ಬರೆದು, ಕೆಳಗೆ ತಾರೀಖು ಹಾಕಿ. ಹೇಳಿದ ಅಜ್ಜ ಅಜ್ಜಿಯರ ರುಜುವನ್ನೂ ಹಾಕಿಸಿಕೊಳ್ಳಿ. ಅವರಿಗೆ ರುಜು ಮಾಡಲು ಬಾರದಿದ್ದರೆ, ಹೇಳಿಕೊಡುವ ಮೇಷ್ಟ್ರು ನೀವೇ.