ಹೊನ್ನ ಹೊದಿಕೆಯ ಗಡಿಯಾರ

ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವುದೆಲ್ಲ ಹೊನ್ನಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಹೊಳೆಯುವುದು ಅಪ್ಪಟ ಹೊನ್ನೇ ಆಗಿದ್ದು, ಅದರ ಅಡಿಯಲ್ಲಿ ಕಂಚು ಅಡಗಿರುವ ವಸ್ತುವೊಂದುಂಟು. ಅದು 18ನೆಯ ಶತಮಾನದ ಉತ್ತರಾರ್ಧದಲ್ಲಿಯೂ 19ನೆಯ ಶತಮಾನದ ಆರಂಭದಲ್ಲಿಯೂ ಪ್ಯಾರಿಸ್ ನಗರದಲ್ಲಿ ತಯಾರಾಗುತ್ತಿದ್ದ ವಿಗ್ರಹ ಗಡಿಯಾರ.

ಫ್ರಾನ್ಸಿನ ಚಳಿಗಾಲದಲ್ಲಿ ಬೆಂಕಿಯಿಲ್ಲದೆ ಕೋಣೆಯಲ್ಲಿ ಕುಳಿತಿರುವುದು ಕಷ್ಟ. ಆದುದರಿಂದ ಸಿರಿವಂತರ ಮನೆಗಳಲ್ಲಿ ಗೋಡೆಗೆ ಸೇರಿದಂತೆಯೇ ಅಗ್ಗಿಷ್ಟಿಕೆಯಿರುತ್ತಿತ್ತು. ಅದರ ಮೇಲಣ ಅಮೃತಶಿಲೆಯ ಹಾಸಿನ ನಡುವೆ ಈ ಗಡಿಯಾರವನ್ನು ಇಡುತ್ತಿದ್ದರು. ಇಕ್ಕೆಲಗಳಲ್ಲಿ ದೀಪಸ್ತಂಭಗಳು, ಹಿಂಬದಿಯಲ್ಲಿ ದೊಡ್ಡ ಕನ್ನಡಿ. ಇರುಳಿನಲ್ಲಿ ಮೇಣದ ಬತ್ತಿಗಳನ್ನು ಹೊತ್ತಿಸಿದಾಗ ಹೊನ್ನಿನ ಕಾಂತಿ ಕನ್ನಡಿಯಲ್ಲಿ ಇಮ್ಮಡಿಯಾಗುತ್ತಿತ್ತು.

ಇಂತಹ ಗಡಿಯಾರಗಳ ಮೇಲೆ ಪುರಾಣದ ದೇವತೆಗಳನ್ನೂ ವೀರಪುರುಷರನ್ನೂ ರೂಪಿಸುತ್ತಿದ್ದರು. ‘ಅಧ್ಯಯನ ಮತ್ತು ತತ್ತ್ವಜ್ಞಾನ’ ಎಂಬ ಹೆಸರಿನ ಒಂದು ಪ್ರಸಿದ್ಧ ಮಾದರಿಯಲ್ಲಿ ಗಡಿಯಾರದ ಎರಡು ಪಕ್ಕಗಳಲ್ಲಿ ಇಬ್ಬರು ಕುಳಿತಿದ್ದಾರೆ; ಒಬ್ಬರು ಓದುತ್ತಿದ್ದಾರೆ, ಇನ್ನೊಬ್ಬರು ಬರೆಯುತ್ತಿದ್ದಾರೆ. ಕಾಲವನ್ನು ಹೇಗೆ ಕಳೆಯಬೇಕೆಂಬುದನ್ನು ಮಾತಿಲ್ಲದೆ ತಿಳಿಸುವ ಶಿಲ್ಪವಿದು.

ಒಂದು ಗಡಿಯಾರಕ್ಕೆ ಅನೇಕರ ಕೈಗಳು ಸೇರುತ್ತಿದ್ದವು. ಶಿಲ್ಪಿ ಮಾದರಿಯನ್ನು ಮಾಡುವನು. ಎರಕದವನು ಅದನ್ನು ಕಂಚಿನಲ್ಲಿ ಎರೆಯುವನು. ಕೆತ್ತನೆಗಾರನು ಮುಖದ ರೇಖೆ, ಬಟ್ಟೆಯ ನೆರಿಗೆಗಳನ್ನು ಉಳಿಯಿಂದ ತಿದ್ದುವನು. ಗಡಿಯಾರದವನು ಒಳಗಿನ ಯಂತ್ರವನ್ನು ಕೂಡಿಸುವನು. ಅದರಲ್ಲಿ ಎರಡು ಸುರುಳಿ ಸ್ಪ್ರಿಂಗುಗಳು. ಒಂದು ಮುಳ್ಳುಗಳನ್ನು ನಡೆಸಲು, ಮತ್ತೊಂದು ಗಂಟೆಯನ್ನು ಬಾರಿಸಲು.

ಇನ್ನು ಉಳಿದವನು ಚಿನ್ನ ಹೊದಿಸುವವನು. ಅವನ ಕೆಲಸವೇ ಎಲ್ಲಕ್ಕಿಂತ ಅಪಾಯಕರವಾದುದು. ಒಂದು ಪಾಲು ಚಿನ್ನಕ್ಕೆ ಸುಮಾರು ಎಂಟು ಪಾಲು ಪಾದರಸವನ್ನು ಬೆರೆಸಿದರೆ ಬೆಣ್ಣೆಯಂತಹ ಮಿಶ್ರಣ ದೊರೆಯುತ್ತದೆ. ಅದನ್ನು ಕಂಚಿಗೆ ಸವರಿ ಕೆಂಡದ ಮೇಲೆ ಕಾಯಿಸಬೇಕು. ಆಗ ಪಾದರಸವು ಆವಿಯಾಗಿ ಹೋಗುತ್ತದೆ. ಚಿನ್ನವು ಕಂಚಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ಅನಂತರ ಬೇಕಾದ ಕಡೆ ನುಣುಪು ಕಲ್ಲಿನಿಂದ ಉಜ್ಜಿ ಒಪ್ಪವಿಡುತ್ತಿದ್ದರು. ಇನ್ನೂರು ವರ್ಷಗಳು ಕಳೆದರೂ ಆ ಹೊಳಪು ಮಾಸದಿರುವುದಕ್ಕೆ ಇದೇ ಕಾರಣ.

ಆದರೆ ಆ ಆವಿ ಎಲ್ಲಿ ಹೋಗುತ್ತಿತ್ತು? ಒಲೆಯ ಮುಂದೆ ಕುಳಿತವನ ಉಸಿರಿನೊಳಗೆ. ಪಾದರಸದ ಆವಿ ಘೋರವಾದ ವಿಷ. ಅದನ್ನು ದಿನದಿನವೂ ಸೇವಿಸಿದವರಿಗೆ ಕೈಗಳು ನಡುಗುತ್ತಿದ್ದವು, ಹಲ್ಲುಗಳು ಉದುರುತ್ತಿದ್ದವು, ಮಾತು ತೊದಲುತ್ತಿತ್ತು. ಅನೇಕರು ಅಕಾಲದಲ್ಲಿ ಸಾವನ್ನಪ್ಪುತ್ತಿದ್ದರು. ಮುಖಫಲಕದ ಮೇಲೆ ಗಡಿಯಾರ ತಯಾರಕನ ಹೆಸರಿರುತ್ತಿತ್ತು. ಚಿನ್ನ ಹೊದಿಸಿದವನ ಹೆಸರು ಕಾಣಸಿಗುವುದು ಅಪರೂಪ.

ಈ ಸಂಕಟವನ್ನು ಬಲ್ಲವರಲ್ಲಿ ಆಂತ್ವಾನ್ ಆಂದ್ರೆ ರಾವ್ರಿಯೊ ಒಬ್ಬನು. ನೆಪೋಲಿಯನ್ನನ ಅರಮನೆಗಳಿಗೆ ಕಂಚಿನ ಸಾಮಗ್ರಿಗಳನ್ನು ಒದಗಿಸಿದ ಹೆಸರಾಂತ ಕಂಚುಗಾರನವನು. 1814ರಲ್ಲಿ ಅವನು ತೀರಿಕೊಂಡಾಗ, ಚಿನ್ನ ಹೊದಿಸುವ ಕೆಲಸಗಾರರನ್ನು ಪಾದರಸದ ಹಾನಿಯಿಂದ ಪಾರುಮಾಡುವ ಉಪಾಯ ಕಂಡುಹಿಡಿದವರಿಗೆ ಸಲ್ಲಬೇಕೆಂದು 3,000 ಫ್ರಾಂಕುಗಳನ್ನು ಮೀಸಲಿಟ್ಟು ಉಯಿಲು ಬರೆದಿದ್ದನು. 1818ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಆ ಬಹುಮಾನವನ್ನು ದಾರ್ಸೆ ಎಂಬ ರಸಾಯನ ವಿಜ್ಞಾನಿಗೆ ನೀಡಿತು. ಅವನು ಸೂಚಿಸಿದ ಒಲೆಯಲ್ಲಿ ವಿಷದ ಆವಿಯನ್ನು ಸೆಳೆದು ಹೊಗೆಗೂಡಿನ ಮೂಲಕ ಮೇಲಕ್ಕೆ ಸಾಗಿಸುವ ಏರ್ಪಾಡಿತ್ತು. 1840ರ ಅನಂತರ ವಿದ್ಯುತ್ತಿನ ನೆರವಿನಿಂದ ಚಿನ್ನ ಲೇಪಿಸುವ ವಿಧಾನ ಹರಡಿ, ಹಳೆಯ ಪದ್ಧತಿ ಕ್ರಮೇಣ ಹಿಂದೆ ಸರಿಯಿತು.

ಇಂದು ಆ ಗಡಿಯಾರಗಳು ವಸ್ತುಸಂಗ್ರಹಾಲಯಗಳನ್ನು ಅಲಂಕರಿಸಿವೆ. ನೋಡುವವರು ಅವುಗಳ ಸೌಂದರ್ಯಕ್ಕೆ ತಲೆದೂಗುತ್ತಾರೆ, ಅದು ತಪ್ಪಲ್ಲ. ಆದರೆ ಆ ಹೊಳಪಿಗೆ ತನ್ನ ಉಸಿರನ್ನೇ ತೆತ್ತ ಹೆಸರಿಲ್ಲದ ಕೆಲಸಗಾರನನ್ನೂ ಒಂದು ಕ್ಷಣ ನೆನೆದರೆ ನಮ್ಮ ನೋಟ ಪೂರ್ಣವಾಗುತ್ತದೆ. ರಾವ್ರಿಯೊ ಮಾಡಿದ ಕಂಚಿನ ಕೃತಿಗಳಿಗಿಂತ ಅವನು ಬರೆದಿಟ್ಟ ಉಯಿಲೇ ಹೆಚ್ಚು ಬೆಲೆಯುಳ್ಳದ್ದೆಂದರೆ ಅತಿಶಯೋಕ್ತಿಯಾಗಲಾರದು.